ಹುರಿದ ಕೋಳಿಯ ಊರು ಯಾವುದು?

ಮಾಂಸಾಹಾರವನ್ನು ಕುರಿತು ನಮ್ಮ ಸಮಾಜದಲ್ಲಿ ನಡೆಯುವ ಚರ್ಚೆಗೆ ಒಂದು ವಿಚಿತ್ರವಾದ ಮಿತಿಯಿದೆ. ಯಾವ ಪ್ರಾಣಿ, ಕೊಂದವರು ಯಾರು, ಕೊಂದ ಬಗೆ ಯಾವುದು, ತಿಂದವರು ಯಾರು ಎಂಬ ನಾಲ್ಕು ಪ್ರಶ್ನೆಗಳ ಬೇಲಿಯನ್ನು ದಾಟಿ ಅದು ಆಚೆಗೆ ಹೋಗುವುದೇ ಇಲ್ಲ. ಆ ಪ್ರಾಣಿ ಬದುಕಿದ್ದಾಗ ಹೇಗೆ ಬದುಕಿತ್ತು, ಏನು ತಿಂದಿತ್ತು, ಅದಕ್ಕೆ ಯಾವ ಔಷಧ ಕುಡಿಸಿದ್ದರು, ಸಾಕಿದವನಿಗೆ ಎಷ್ಟು ದಕ್ಕಿತು, ಅದರ ಹಿಕ್ಕೆ ಯಾವ ಹಳ್ಳವನ್ನು ಸೇರಿತು ಎಂದು ಕೇಳುವವರು ವಿರಳ. ಮೆಕ್‌ಡೊನಾಲ್ಡ್ಸ್ ಕಂಪನಿ ತನ್ನ ಆಲೂಗಡ್ಡೆ ಫ್ರೈಗಳಿಗೆ ಗೋಮಾಂಸದ ಸತ್ವವನ್ನು ಬಳಸುತ್ತಿದೆಯೆಂದು 2001ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ದಾವೆ ಹೂಡಲಾಯಿತು. ಮರುವರ್ಷ ಕಂಪನಿ ಕ್ಷಮೆ ಕೋರಿ 1 ಕೋಟಿ ಡಾಲರ್ ತೆರಲು ಒಪ್ಪಿತು. ಆ ಸುದ್ದಿಯಿಂದ ಇಲ್ಲಿ ಎದ್ದ ಕೋಲಾಹಲ ಅನೇಕರಿಗೆ ನೆನಪಿರಬಹುದು. ಅದೇ ಕಂಪನಿಯ ಕೋಳಿಯ ತುಂಡು ಯಾವ ಶೆಡ್ಡಿನಿಂದ ಬಂದದ್ದೆಂದು ಕೇಳಿ ಇಲ್ಲಿ ಯಾರೂ ಬೀದಿಗಿಳಿದದ್ದನ್ನು ನಾನು ಕಾಣೆ.

ಬೀದಿಗಿಳಿದ ಒಂದು ಪ್ರಸಂಗ ಮಾತ್ರ ಕರ್ನಾಟಕದ ಚರಿತ್ರೆಯಲ್ಲಿದೆ. ಕೆಂಟಕಿ ಫ್ರೈಡ್ ಚಿಕನ್ 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಬಾಗಿಲು ತೆರೆಯಿತು. ಅಜಿನೊಮೊಟೊ ಪ್ರಮಾಣ ಮಿತಿ ಮೀರಿದೆಯೆಂದು ನಗರಪಾಲಿಕೆ ಅದನ್ನು ಮುಚ್ಚಿಸಲು ಹೊರಟಿತು, ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿದರು. ಗಾಜು ಒಡೆದ ಆ ದಾರಿಯನ್ನು ನಾನು ಸಮರ್ಥಿಸಲಾರೆ. ಆದರೆ ಮನುಷ್ಯರು ಉಣ್ಣಬೇಕಾದ ಧಾನ್ಯದ ನೆಲವನ್ನು ಕೋಳಿಯ ಮೇವಿಗೆ ತಿರುಗಿಸುವುದು ಸರಿಯೇ ಎಂಬ ಪ್ರಶ್ನೆಯೂ ಆ ಹೋರಾಟದ ವಲಯದಲ್ಲಿ ಎದ್ದಿತ್ತೆಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. ಪತ್ರಿಕೆಗಳಿಗೆ ದಕ್ಕಿದ್ದು ಒಡೆದ ಗಾಜು ಮತ್ತು ಅಮೆರಿಕದ ಹೆಸರು. ಮಳಿಗೆ ಪರದೇಶದ್ದಾಗಿತ್ತು, ಕೋಳಿ ನಮ್ಮದೇ ಆಗಿತ್ತು. ಆ ಕೋಳಿಯ ಕಡೆಗೆ ನಾವು ಅಂದೂ ತಿರುಗಲಿಲ್ಲ, ಇಂದು ಸಣ್ಣ ಪಟ್ಟಣಗಳಿಗೂ ಇಂತಹ ಮಳಿಗೆಗಳು ಬಂದಿರುವಾಗಲೂ ತಿರುಗಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ. ಭಾರತದಲ್ಲಿ ಮಾರಾಟವಾಗುವ ಕೋಳಿಯ ಬಹುಪಾಲು ಇಂದಿಗೂ ಊರಿನ ಅಂಗಡಿಯಲ್ಲಿ ಜೀವಂತವಾಗಿ ತೂಗಿ, ಕಣ್ಣೆದುರಿಗೇ ಕತ್ತರಿಸಿ ಕೊಡುವಂಥದ್ದು. ಸರಣಿ ಹೋಟೆಲುಗಳ ಪಾಲು ಚಿಕ್ಕದು. ಹೀಗಿರುವಾಗ ಅವುಗಳನ್ನೇ ಏಕೆ ಗುರಿಯಾಗಿಸಬೇಕು? ಉತ್ತರ ಅವುಗಳ ಖರೀದಿ ಪದ್ಧತಿಯಲ್ಲೇ ಇದೆ. ಊರಿನ ಕೋಳಿ ಅಂಗಡಿಯವನು ಲಾರಿಯಲ್ಲಿ ಬಂದದ್ದನ್ನು ಇಳಿಸಿಕೊಳ್ಳುತ್ತಾನೆ, ಅವನಿಗೆ ಷರತ್ತು ಹಾಕುವ ಶಕ್ತಿಯಿಲ್ಲ. ಸರಣಿ ಹೋಟೆಲು ಲಿಖಿತ ಕರಾರಿನ ಮೇಲೆ ಕೊಳ್ಳುತ್ತದೆ. ಕೋಳಿ ಎಷ್ಟು ತೂಗಬೇಕು, ಎಷ್ಟು ತುಂಡಾಗಬೇಕು, ಯಾವ ಶೀತದಲ್ಲಿ ಸಾಗಿಬರಬೇಕು ಎಂಬುದೆಲ್ಲ ಆ ಕರಾರಿನಲ್ಲಿರುತ್ತದೆ. ಇಷ್ಟನ್ನೆಲ್ಲ ಬರೆಯಿಸಬಲ್ಲವರು ಅದು ಯಾವ ಔಷಧ ಕುಡಿದಿರಬಾರದೆಂಬುದನ್ನೂ ಬರೆಯಿಸಬಲ್ಲರು. ಬರೆಯಿಸದಿದ್ದರೆ ಅದು ಅಸಾಮರ್ಥ್ಯವಲ್ಲ, ಆಯ್ಕೆ.

ಇನ್ನು ಕೋಳಿಯ ವಿಚಾರ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1957, 1978 ಮತ್ತು 2005ರ ಮೂರು ತಳಿಗಳನ್ನು ಒಂದೇ ಮೇವು, ಒಂದೇ ವಾತಾವರಣದಲ್ಲಿ ಸಾಕಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಗಳಾದಾಗ 1957ರ ತಳಿ 905 ಗ್ರಾಂ ತೂಗಿತು, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಮೇವು ಒಂದೇ ಆಗಿದ್ದುದರಿಂದ ಈ ಅಂತರ ತಳಿ ಆಯ್ಕೆಯಿಂದಲೇ ಬಂದದ್ದು. ಫಾರಂ ಕೋಳಿಗೆ ಹಾರ್ಮೋನು ಚುಚ್ಚುತ್ತಾರೆಂದು ನಮ್ಮ ಊರುಗಳಲ್ಲಿ ಹಬ್ಬಿರುವ ಮಾತಿಗೆ ಆಧಾರವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸುಳ್ಳು ಆಪಾದನೆಯಿಂದ ಕಂಪನಿಗಳಿಗೇ ಅನುಕೂಲ, ಅದನ್ನು ಅಲ್ಲಗಳೆದು ಅವರು ಉಳಿದ ಪ್ರಶ್ನೆಗಳಿಂದಲೂ ಪಾರಾಗುತ್ತಾರೆ. ನಿಜವಾದ ಆಕ್ಷೇಪ ಬೇರೆಯೇ ಇದೆ. ಆರು ವಾರಗಳ ಒಳಗೆ ಎರಡು ಕಿಲೋ ದಾಟುವ ಹಕ್ಕಿಯ ಕಾಲು ಮತ್ತು ಹೃದಯ ಅದರ ಎದೆಯ ಮಾಂಸದ ವೇಗಕ್ಕೆ ಬೆಳೆಯುವುದಿಲ್ಲ. ಅದು ಕುಂಟುತ್ತದೆ, ಹೆಚ್ಚು ಹೊತ್ತು ಕೂತೇ ಕಳೆಯುತ್ತದೆ, ಒದ್ದೆ ಉಮಿಯ ಮೇಲೆ ಕೂತು ಎದೆ, ಪಾದಗಳಲ್ಲಿ ಹುಣ್ಣು ಮಾಡಿಕೊಳ್ಳುತ್ತದೆ. ಕೊಯ್ಯುವುದು ಒಂದು ಗಳಿಗೆಯ ಮಾತು, ಈ ಯಾತನೆ ವಾರಗಟ್ಟಲೆಯದು.

ಇಕ್ಕಟ್ಟಿನ ವಿಷಯದಲ್ಲಿ ಮಾತ್ರ ನಮ್ಮ ಸ್ಥಿತಿ ಯುರೋಪಿನಷ್ಟು ಕೆಟ್ಟಿಲ್ಲ. ಅಲ್ಲಿನ ಒಕ್ಕೂಟದ 2007ರ ನಿರ್ದೇಶನ ಚದರ ಮೀಟರಿಗೆ 33 ಕಿಲೋ, ಕೆಲವು ಷರತ್ತುಗಳ ಮೇಲೆ 42 ಕಿಲೋವರೆಗೆ ತುಂಬಲು ಅವಕಾಶ ಕೊಡುತ್ತದೆ. ನಮ್ಮ ತೆರೆದ ಬದಿಯ ಶೆಡ್ಡುಗಳಲ್ಲಿ ಹಕ್ಕಿಗೆ ಒಂದು ಚದರ ಅಡಿಯ ಲೆಕ್ಕ, ಅಂದರೆ 22-24 ಕಿಲೋ. ಇದು ದಯೆಯಲ್ಲ, ಬಿಸಿಲು ಮಾಡಿಸಿದ ಮರ್ಯಾದೆ. ಹವೆ ನಿಯಂತ್ರಿತ ಶೆಡ್ಡುಗಳು ಬರುತ್ತಿದ್ದಂತೆ ಈ ಮರ್ಯಾದೆಯೂ ಹೋಗಲಿದೆ.

ಎಲ್ಲಕ್ಕಿಂತ ಮುಖ್ಯವಾದುದು ಪ್ರತಿಜೈವಿಕಗಳ ಕಥೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಆರಿಯೊಮೈಸಿನ್ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ಅಲ್ಲಿಂದ ಮುಂದೆ ರೋಗವಿಲ್ಲದ ಪ್ರಾಣಿಗೂ ದಿನನಿತ್ಯ ಅಲ್ಪ ಪ್ರಮಾಣದಲ್ಲಿ ಔಷಧ ಬೆರೆಸುವುದು ಉದ್ಯಮದ ವಾಡಿಕೆಯಾಯಿತು. ಅಲ್ಪ ಪ್ರಮಾಣವೇ ಇಲ್ಲಿನ ಅಪಾಯ. ಸೂಕ್ಷ್ಮಾಣುಗಳನ್ನು ಪೂರ್ತಿ ಕೊಲ್ಲದೆ ಕೆಣಕಿ ಬಿಡುವ ಪ್ರಮಾಣವು ಅವುಗಳಿಗೆ ಔಷಧವನ್ನು ಎದುರಿಸುವ ಪಾಠ ಕಲಿಸುತ್ತದೆ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲಿಯೇ ಈ ಬಗ್ಗೆ ಎಚ್ಚರಿಸಿತ್ತು. ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಬಳಸುವುದನ್ನು ನಿಷೇಧಿಸಿತು, ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ನಿಷೇಧಿಸಿತು. ಎನ್ರೋಫ್ಲಾಕ್ಸಸಿನ್ ಎಂಬ ಔಷಧವನ್ನು ಕೋಳಿಗೆ ಕೊಡಕೂಡದೆಂದು ಅಮೆರಿಕ 2005ರಲ್ಲಿ ಹೇಳಿತು. ನಮ್ಮಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ದೆಹಲಿ ಸುತ್ತಮುತ್ತಲಿನ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಷ್ಟರಲ್ಲಿ ಪ್ರತಿಜೈವಿಕಗಳ ಶೇಷ ಸಿಕ್ಕಿತು, ಅವುಗಳಲ್ಲಿ ಎನ್ರೋಫ್ಲಾಕ್ಸಸಿನ್ ಸಹ ಇತ್ತು.

ಕೊಲಿಸ್ಟಿನ್ ಪ್ರಸಂಗವನ್ನು ಪ್ರತ್ಯೇಕವಾಗಿ ಹೇಳಬೇಕು. ಬೇರೆ ಯಾವ ಔಷಧಕ್ಕೂ ಬಗ್ಗದ ಸೋಂಕಿಗೆ ತೀವ್ರ ನಿಗಾ ಘಟಕದಲ್ಲಿ ವೈದ್ಯರು ಕೈಹಾಕುವ ಕೊನೆಯ ಔಷಧಗಳಲ್ಲಿ ಅದೂ ಒಂದು. ಅದನ್ನು ಸೋಲಿಸಬಲ್ಲ, ಒಂದು ಸೂಕ್ಷ್ಮಾಣುವಿನಿಂದ ಮತ್ತೊಂದಕ್ಕೆ ಸುಲಭವಾಗಿ ದಾಟಬಲ್ಲ ಎಂಸಿಆರ್-1 ಎಂಬ ವಂಶವಾಹಿಯನ್ನು ಚೀನಾದ ವಿಜ್ಞಾನಿಗಳು ಹಂದಿ, ಕೋಳಿಮಾಂಸ ಮತ್ತು ರೋಗಿಗಳಲ್ಲಿ ಗುರುತಿಸಿ 2015ರ ನವೆಂಬರಿನಲ್ಲಿ ಪ್ರಕಟಿಸಿದರು. ಅದಾದ ಮೇಲೂ ನಮ್ಮ ದೇಶದಲ್ಲಿ ಕೋಳಿಯ ಮೇವಿಗೆ ಬೆರೆಸುವ ಕೊಲಿಸ್ಟಿನ್ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ. 2025ರಲ್ಲಿ ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್‌ಗಳ ಸರದಿ ಬಂತು. ಒಂದೊಂದೇ ಔಷಧವನ್ನು ಹೀಗೆ ವರ್ಷಗಳ ಅಂತರದಲ್ಲಿ ಪಟ್ಟಿಗೆ ಸೇರಿಸುತ್ತ ಹೋಗುವುದು, ಕೆರೆಯ ಏರಿ ಒಡೆದ ಮೇಲೆ ಬೊಗಸೆಯಲ್ಲಿ ಮಣ್ಣು ಹಾಕಿದಂತೆ.

ಹೋಟೆಲುಗಳ ನೀತಿ ಇಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಪ್ರತಿಜೈವಿಕಗಳನ್ನು ಕೊಟ್ಟ ಕೋಳಿಯನ್ನು ಕೊಳ್ಳುವುದಿಲ್ಲವೆಂದು ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ 2015ರಲ್ಲಿ ಘೋಷಿಸಿ 2016ರಲ್ಲಿ ಜಾರಿಗೆ ತಂದಿತು. ಕೆಎಫ್‌ಸಿ 2017ರಲ್ಲಿ ಅದೇ ಮಾತು ಕೊಟ್ಟಿತು. ಒಬ್ಬ ದೊಡ್ಡ ಗಿರಾಕಿ ಹಟ ಹಿಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕೋಳಿ ಉದ್ಯಮವೇ ಸಾಕ್ಷಿ. ಅಲ್ಲಿ ಪಶುಗಳಿಗಾಗಿ ಮಾರಾಟವಾಗುವ ಇಂತಹ ಔಷಧಗಳಲ್ಲಿ ಕೋಳಿಯ ಪಾಲು ಶೇ. 5ಕ್ಕಿಂತಲೂ ಕೆಳಗಿಳಿದಿದೆ. ಆದರೆ ಈ ವ್ರತ ಸಾಗರ ದಾಟಲಿಲ್ಲ. ಅದೇ ಬ್ರಾಂಡುಗಳು ಭಾರತದಲ್ಲಿ ಅಂತಹ ವಾಗ್ದಾನ ಕೊಟ್ಟಿಲ್ಲವೆಂಬುದನ್ನು ವಿಜ್ಞಾನ ಮತ್ತು ಪರಿಸರ ಕೇಂದ್ರ 2017ರಲ್ಲಿ ಎತ್ತಿ ತೋರಿಸಿ ಇಬ್ಬಗೆಯ ನೀತಿಯನ್ನು ಪ್ರಶ್ನಿಸಿತು. ಒಂದೇ ಫಲಕ, ಒಂದೇ ಮಸಾಲೆ, ಒಂದೇ ಕಾಗದದ ಡಬ್ಬಿ, ಆದರೆ ಗಿರಾಕಿಯ ಪ್ರಾಣದ ಬೆಲೆ ಬೇರೆ ಬೇರೆ ಎಂದಾದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ವಾಗ್ದಾನಗಳನ್ನು ಕಣ್ಣು ಮುಚ್ಚಿ ನಂಬಬೇಕೆಂದೂ ನಾನು ಹೇಳುತ್ತಿಲ್ಲ. ನಿಧಾನ ಬೆಳೆಯುವ ತಳಿಗಳನ್ನೇ ಕೊಳ್ಳುತ್ತೇವೆಂದು 2019ರಲ್ಲಿ ಸಹಿ ಹಾಕಿದ ಬ್ರಿಟನ್ನಿನ ಕೆಎಫ್‌ಸಿ, 2026ರ ಗಡುವಿಗೆ ಅದು ಸಾಧ್ಯವಿಲ್ಲವೆಂದು 2024ರಲ್ಲಿ ಕೈಚೆಲ್ಲಿತು. ಯಾವ ಪ್ರತಿಜೈವಿಕವನ್ನೂ ಬಳಸುವುದಿಲ್ಲವೆಂದಿದ್ದ ಟೈಸನ್ 2023ರಲ್ಲೂ, ಚಿಕ್-ಫಿಲ್-ಎ 2024ರಲ್ಲೂ ಮಾತನ್ನು ಸಡಿಲಿಸಿ, ಮನುಷ್ಯರಿಗೆ ಮುಖ್ಯವಾದವನ್ನು ಮಾತ್ರ ಬಳಸುವುದಿಲ್ಲ ಎಂದವು. ಈ ಎರಡನೆಯದನ್ನು ನಾನು ಅಷ್ಟೇನೂ ದೂರುವುದಿಲ್ಲ. ಕೋಳಿಗಳ ರಕ್ತಭೇದಿಗೆ ಕೊಡುವ ಕೆಲವು ಔಷಧಗಳನ್ನು ಮನುಷ್ಯರಿಗೆ ಬಳಸುವುದೇ ಇಲ್ಲ, ಮತ್ತು ಕಾಯಿಲೆ ಬಿದ್ದ ಹಕ್ಕಿಗೆ ಡಬ್ಬಿಯ ಮೇಲಿನ ಘೋಷಣೆಗಾಗಿ ಔಷಧ ಕೊಡದೆ ಬಿಡುವುದೂ ಕ್ರೌರ್ಯವೇ.

ಮಲೆನಾಡಿಗರಾದ ನಮಗೆ ಇದರ ಗೊಡವೆ ಏಕೆ ಎಂದು ಕೇಳುವ ಓದುಗ ಮಿತ್ರರು ಬೇಸಿಗೆ ಮುಗಿಯುವ ಹೊತ್ತಿಗೆ ಘಟ್ಟದ ರಸ್ತೆಗಳಲ್ಲಿ ಬರುವ ಲಾರಿಗಳ ವಾಸನೆಯನ್ನು ನೆನಪಿಸಿಕೊಳ್ಳಬೇಕು. ಬಯಲುಸೀಮೆಯ ಶೆಡ್ಡುಗಳ ಕೋಳಿಗೊಬ್ಬರ ನಮ್ಮ ಅಡಿಕೆ ತೋಟಕ್ಕೆ, ಕಾಫಿ ತೋಟಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಶುಂಠಿಯ ಪಟ್ಟೆಗಳಿಗೆ ಬಂದು ಬೀಳುತ್ತದೆ. ಕೊಟ್ಟಿಗೆ ಗೊಬ್ಬರ ಕಡಿಮೆಯಾದಂತೆ, ಸೊಪ್ಪಿನ ಬೆಟ್ಟ ಬೋಳಾದಂತೆ ಈ ಅವಲಂಬನೆ ಬೆಳೆದಿದೆ. ಸಾರಜನಕ, ರಂಜಕಗಳ ದೃಷ್ಟಿಯಿಂದ ಅದು ಒಳ್ಳೆಯ ಗೊಬ್ಬರವೇ ಹೌದು. ಆದರೆ ಕೋಳಿ ಕುಡಿದ ಪ್ರತಿಜೈವಿಕದ ಗಣನೀಯ ಭಾಗ ಅದರ ಮೈಗೆ ಹತ್ತದೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಅದರೊಂದಿಗೆ ಔಷಧಕ್ಕೆ ಜಗ್ಗದ ಸೂಕ್ಷ್ಮಾಣುಗಳೂ ಬರುತ್ತವೆ. ವಿಜ್ಞಾನ ಮತ್ತು ಪರಿಸರ ಕೇಂದ್ರವು ಉತ್ತರದ ನಾಲ್ಕು ರಾಜ್ಯಗಳ 12 ಕೋಳಿ ಫಾರಂಗಳ ಉಮಿ-ಗೊಬ್ಬರ ಮತ್ತು ಸುತ್ತಲ ಮಣ್ಣನ್ನು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿತು. ಫಾರಂಗಳಲ್ಲಿ ಸಿಕ್ಕ ಇ-ಕೊಲೈ ತಳಿಗಳೆಲ್ಲವೂ ಅನೇಕ ಔಷಧಗಳಿಗೆ ಪ್ರತಿರೋಧ ತೋರಿದವು. ಗೊಬ್ಬರ ಚೆಲ್ಲಿದ ಹೊಲದ ಮಣ್ಣಿನಲ್ಲಿಯೂ ಅದೇ ಬಗೆಯ ಪ್ರತಿರೋಧ ಕಂಡುಬಂತು.

ಅದು ಒಣಭೂಮಿಯ ಕಥೆ. ನಮ್ಮದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಇಳಿಜಾರು. ಮೇ ತಿಂಗಳಲ್ಲಿ ಹಸಿಯಾಗಿಯೇ ಚೆಲ್ಲಿದ ಗೊಬ್ಬರ ಜೂನ್ ಕೊನೆಯ ಹೊತ್ತಿಗೆ ಹಳ್ಳದಲ್ಲಿರುತ್ತದೆ, ಹಳ್ಳದ ನೀರು ಗದ್ದೆಯಲ್ಲಿ, ಅಬ್ಬಿಯಲ್ಲಿ, ಅಲ್ಲಿಂದ ತುಂಗೆಗೋ ಶರಾವತಿಗೋ. ದರೆಯಿಂದ ಅಬ್ಬಿಯ ನೀರನ್ನು ಕೊಳವೆಯಲ್ಲಿ ನೇರ ಮನೆಗೆ ತಂದುಕೊಂಡು ಕುಡಿಯುವ ಕುಟುಂಬಗಳು ನಮ್ಮಲ್ಲಿ ಇಂದಿಗೂ ಎಷ್ಟಿಲ್ಲ? ನಗರದ ಮಳಿಗೆಯಲ್ಲಿ ಯಾರೋ ತಿಂದು ಕೈ ಒರೆಸಿಕೊಂಡ ಕೋಳಿಯ ಬಾಕಿ ಲೆಕ್ಕ ಹೀಗೆ ನಮ್ಮ ಅಡುಗೆಮನೆಯ ಹಂಡೆಗೆ ಬಂದು ಸೇರುವ ಸಾಧ್ಯತೆಯಿದೆ. ಗೊಬ್ಬರವನ್ನು ರಾಶಿ ಹಾಕಿ, ಸೊಪ್ಪು ತರಗು ಬೆರೆಸಿ, ಒಳಗಿನ ಬಿಸಿ 55 ಡಿಗ್ರಿ ದಾಟುವಂತೆ ಮಗುಚುತ್ತ ಎರಡು-ಮೂರು ತಿಂಗಳು ಕಳಿಸಿದರೆ ಸೂಕ್ಷ್ಮಾಣುಗಳ ಹಾವಳಿ ಬಹಳಷ್ಟು ತಗ್ಗುತ್ತದೆ, ಕೆಲವು ಔಷಧಗಳೂ ಒಡೆಯುತ್ತವೆ. ಎಲ್ಲವೂ ಅಲ್ಲ. ಎನ್ರೋಫ್ಲಾಕ್ಸಸಿನ್ ಗುಂಪಿನವು ಮಣ್ಣಿಗೆ ಅಂಟಿಕೊಂಡು ದೀರ್ಘಕಾಲ ಉಳಿಯುತ್ತವೆ. ಲಾರಿಯಿಂದ ಇಳಿದದ್ದನ್ನು ಅದೇ ವಾರ ಬುಡಕ್ಕೆ ಹಾಕುವ ನಮ್ಮ ಅವಸರಕ್ಕೆ ಕಂಪನಿಗಳನ್ನು ದೂರಿ ಪ್ರಯೋಜನವಿಲ್ಲ.

ಮೇವಿನ ಕಡೆಯಿಂದಲೂ ಈ ಕೋಳಿ ನಮ್ಮ ನೆಲಕ್ಕೆ ತಾಗಿಕೊಂಡಿದೆ. 2.2 ಕಿಲೋ ತೂಗುವ ಹಕ್ಕಿ ಸುಮಾರು ಮೂರೂವರೆ ಕಿಲೋ ಮೇವು ತಿನ್ನುತ್ತದೆ, ಅದರಲ್ಲಿ ಶೇ. 60ರಷ್ಟು ಮೆಕ್ಕೆಜೋಳ. ಎಕರೆಗೆ 12 ಕ್ವಿಂಟಾಲ್ ಇಳುವರಿ ಎಂದಿಟ್ಟುಕೊಂಡರೆ ಒಂದೆಕರೆ ಮೆಕ್ಕೆಜೋಳ ಐನೂರೈವತ್ತು-ಆರುನೂರು ಕೋಳಿಗೆ ಸರಿಹೋಯಿತು. ದಾವಣಗೆರೆ, ಹಾವೇರಿಗಳಿಂದ ಹಿಡಿದು ಶಿಕಾರಿಪುರ, ಸೊರಬದ ಅರೆಮಲೆನಾಡಿನವರೆಗೆ ರಾಗಿ, ಜೋಳ, ಮಳೆಯಾಶ್ರಿತ ಭತ್ತದ ಜಾಗಗಳನ್ನು ಈ ಬೆಳೆ ಆಕ್ರಮಿಸಿದ್ದರ ಹಿಂದೆ ಕೋಳಿ ಉದ್ಯಮದ ಹಸಿವಿದೆ. ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಿನಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ತಾಕಿನಲ್ಲಿ. ಅದರ ಬೆನ್ನಿಗೇ ಇಮಾಮೆಕ್ಟಿನ್ ಸಿಂಪಡಣೆ ರೂಢಿಯಾಯಿತು. ಸೋಯಾ ಹಿಂಡಿಯ ಬೆಲೆ ಏರಿದಾಗ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಿಕೊಳ್ಳಲು ಕೋಳಿ ಉದ್ಯಮಕ್ಕೆ ಅನುಮತಿ ಕೊಟ್ಟಿತು. ಕುಲಾಂತರಿ ಬದನೆಯನ್ನು ತಡೆದೆವೆಂದು ಬೀಗುವ ನಾವು ಕೋಳಿಯ ಹಿಂಬಾಗಿಲಿನಿಂದ ಬಂದದ್ದನ್ನು ಗಮನಿಸಲೂ ಇಲ್ಲ. ಮೆಕ್ಕೆಜೋಳ ಬೆಳೆದವನಿಗಾದರೂ ಲಾಭವಾಯಿತೇ ಎಂದರೆ ಅದೂ ಇಲ್ಲ. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಕಾಗದದ ಮೇಲಿದ್ದರೂ ಮಾರುಕಟ್ಟೆಯಲ್ಲಿ ಅದು ಸಿಗದೆ ರೈತರು ಬೀದಿಗಿಳಿದರು.

ಸಾಕುವವನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ಸಾಲ, ನೀರು, ಕರೆಂಟು, ನಿದ್ದೆಗೆಡುವುದು ರೈತನದು. ಹಕ್ಕಿ ಅವನದಲ್ಲ, ಸಾಕಿದ ಕೂಲಿ ಕಿಲೋಗೆ ಕೆಲವೇ ರೂಪಾಯಿ. ಸತ್ತ ಹಕ್ಕಿಯ ಲೆಕ್ಕ, ಹೆಚ್ಚು ತಿಂದ ಮೇವಿನ ಲೆಕ್ಕ ಆ ಕೂಲಿಯಲ್ಲಿ ಕಳೆಯುತ್ತದೆ. ಯಾವ ಔಷಧ ಬೆರೆತಿದೆಯೆಂದು ಅವನಿಗೆ ತಿಳಿದಿರಬೇಕೆಂದೇನೂ ಇಲ್ಲ, ತಿಳಿದರೂ ಬೇಡವೆನ್ನುವ ಅಧಿಕಾರವಿಲ್ಲ. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ವದಂತಿ ಹಬ್ಬಿ ಬೆಲೆ ಕುಸಿದಾಗ ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ಸಾವಿರಾರು ಹಕ್ಕಿಗಳನ್ನು ಜೀವಂತವಾಗಿ ಗುಂಡಿಗೆ ಹಾಕಿ ಮುಚ್ಚಿದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಮಾಂಸದ ನೀತಿಯನ್ನು ಕುರಿತು ಮಾತನಾಡುವಾಗ ಈ ಮನುಷ್ಯನನ್ನು ಬಿಟ್ಟು ಮಾತನಾಡುವ ಪ್ರಾಣಿದಯಾ ಭಾಷಣಗಳಲ್ಲಿ ನನಗೆ ಆಸಕ್ತಿಯಿಲ್ಲ.

ಹಾಗಾದರೆ ಎಲ್ಲರೂ ನಾಟಿ ಕೋಳಿಯನ್ನೇ ತಿನ್ನಲಿ ಎಂಬುದು ನಮ್ಮ ವಲಯದಲ್ಲಿ ಸುಲಭವಾಗಿ ಸಿಗುವ ಉತ್ತರ. ಕಡುಬಿಗೆ ಊರಕೋಳಿಯ ಸಾರೇ ಸರಿಯೆಂಬುದರಲ್ಲಿ ನನಗೂ ತಕರಾರಿಲ್ಲ. ಹಿತ್ತಲಲ್ಲಿ ಹುಳು ಹುಪ್ಪಟೆ ಕೆದಕಿ ತಿಂದು, ರಾತ್ರಿ ಗೂಡು ಸೇರಿ, ದೈವದ ಕಾರ್ಯಕ್ಕೋ ಬಂದ ನೆಂಟರಿಗೋ ಒದಗುವ ಆ ಕೋಳಿಯ ಬದುಕಿನಲ್ಲಿ ಒಂದು ಘನತೆಯಿದೆ. ಆದರೆ ಒಂದು-ಒಂದೂವರೆ ಕಿಲೋ ತೂಗಲು ಐದಾರು ತಿಂಗಳು ತೆಗೆದುಕೊಳ್ಳುವ ಹಕ್ಕಿಯಿಂದ ಇಂದಿನ ಪಟ್ಟಣಗಳ ಬಾಯಿ ತುಂಬಿಸಲು ಆಗದು. ಹಾಗೆಂದು ನಾಟಿ ಮತ್ತು ಬ್ರಾಯ್ಲರ್ ನಡುವೆ ಏನೂ ಇಲ್ಲವೆಂದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳದ ಕೋಳಿ ವಿಜ್ಞಾನಿಗಳು ರೂಪಿಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ತಳಿಗಳು ನಾಟಿಗಿಂತ ಬೇಗ, ಬ್ರಾಯ್ಲರಿಗಿಂತ ನಿಧಾನವಾಗಿ ಬೆಳೆಯುತ್ತವೆ, ಓಡಾಡಿ ಮೇಯುತ್ತವೆ, ರೋಗ ತಾಳುತ್ತವೆ. ಯುರೋಪಿನ ಪ್ರಾಣಿಪರ ಸಂಘಟನೆಗಳು ಹೋಟೆಲು ಸರಣಿಗಳ ಮುಂದೆ ಇಡುತ್ತಿರುವ ಬೇಡಿಕೆಯೂ ನಿಧಾನ ಬೆಳೆಯುವ ಹಕ್ಕಿಯೇ. ನಮ್ಮದೇ ರಾಜ್ಯದಲ್ಲಿ ಸಾರ್ವಜನಿಕ ಹಣದಿಂದ ರೂಪುಗೊಂಡ ಇಂತಹ ಹಕ್ಕಿ ಹಿತ್ತಲಿನ ಯೋಜನೆಗಳಿಗೆ ಮಾತ್ರ ಮೀಸಲಾಗಿ, ಒಂದು ಸರಣಿ ಹೋಟೆಲಿನ ತಟ್ಟೆಯನ್ನೂ ತಲುಪದಿರುವುದು ಸೋಜಿಗ. ಬೆಲೆ ಹೆಚ್ಚಾಗುತ್ತದೆ, ನಿಜ. ವಾರಕ್ಕೆ ಮೂರು ಸಲ ತಿನ್ನುವವರು ಒಂದು ಸಲ ತಿನ್ನಬೇಕಾದೀತು. ನಮ್ಮ ಹಿರಿಯರು ತಿನ್ನುತ್ತಿದ್ದದ್ದು ತಿಂಗಳಿಗೊಮ್ಮೆಯೋ ಹಬ್ಬಕ್ಕೊಮ್ಮೆಯೋ.

ನಮ್ಮ ಬಳಗ ಈಗ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಅಮೆರಿಕದಲ್ಲಿ ಒಪ್ಪಿಕೊಂಡ ಪ್ರತಿಜೈವಿಕ ನೀತಿಯನ್ನು ಇಲ್ಲಿ ಏಕೆ ಒಪ್ಪಿಕೊಂಡಿಲ್ಲ, ಕೋಳಿ ಯಾವ ಜಿಲ್ಲೆಯ ಫಾರಂಗಳಿಂದ ಬರುತ್ತದೆ, ಸಾಕಿದವರಿಗೆ ಕಿಲೋಗೆ ಎಷ್ಟು ಸಂದಾಯವಾಗುತ್ತದೆ ಎಂದು ಈ ಕಂಪನಿಗಳಿಗೆ ಕನ್ನಡದಲ್ಲಿಯೇ ಪತ್ರ ಬರೆದು, ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಇಲ್ಲಿ ಪ್ರಕಟಿಸಬಹುದು. 1990ರ ದಶಕದಲ್ಲಿ ಲಂಡನ್ನಿನಲ್ಲಿ ಹೆಲೆನ್ ಸ್ಟೀಲ್ ಮತ್ತು ಡೇವ್ ಮಾರಿಸ್ ಎಂಬ ಇಬ್ಬರು, ವಕೀಲರ ನೆರವು ಇಲ್ಲದೆಯೇ ಬಹುಪಾಲು ತಾವೇ ವಾದಿಸಿ, ಒಂದು ಕರಪತ್ರಕ್ಕಾಗಿ ಮೆಕ್‌ಡೊನಾಲ್ಡ್ಸ್ ಹೂಡಿದ ಮಾನನಷ್ಟ ಮೊಕದ್ದಮೆಯನ್ನು 313 ದಿನ ಎದುರಿಸಿದರು. 1997ರ ತೀರ್ಪಿನಲ್ಲಿ ಅನೇಕ ಅಂಶಗಳಲ್ಲಿ ಸೋತರೂ, ತನ್ನ ಮಾಂಸಕ್ಕಾಗಿ ಸಾಕಿದ ಕೆಲವು ಪ್ರಾಣಿಗಳ ಮೇಲಿನ ಕ್ರೌರ್ಯಕ್ಕೆ ಕಂಪನಿಯೂ ಹೊಣೆಯೆಂದು ನ್ಯಾಯಾಧೀಶರ ಬಾಯಲ್ಲಿ ಹೇಳಿಸಿದರು. ಕೊಳ್ಳುವವನು ಸಾಕುವ ಕ್ರಮಕ್ಕೆ ಹೊಣೆಯಲ್ಲ ಎಂಬ ವಾದ ಅಲ್ಲಿಗೇ ಬಿದ್ದುಹೋಗಿದೆ.

ಎರಡನೆಯ ಕೆಲಸ ನೀರಿನದು. ಈ ಮಳೆಗಾಲದಲ್ಲಿ ಶುಂಠಿ ಪಟ್ಟೆಗಳ ಕೆಳಗಿನ ಹಳ್ಳಗಳಿಂದ, ಗೊಬ್ಬರ ಬೀಳದ ಕಾಡಿನ ಹಳ್ಳಗಳಿಂದ, ಮೊದಲ ಮಳೆಯ ವಾರ ಮತ್ತು ಆಗಸ್ಟ್ ಕೊನೆಯ ವಾರ ಎರಡೂ ಸಲ ಮಾದರಿ ಸಂಗ್ರಹಿಸಿ ಪರೀಕ್ಷೆಗೆ ಕಳಿಸೋಣ. ಶುದ್ಧೀಕರಿಸಿದ ಸೀಸೆ, ಮಂಜುಗಡ್ಡೆಯ ಪೆಟ್ಟಿಗೆ, ತೆಗೆದ ದಿನವೇ ಪ್ರಯೋಗಾಲಯ ಮುಟ್ಟಿಸುವ ಒಂದು ವಾಹನ ಬೇಕು. ಮಾದರಿ ತೆಗೆಯುವ ಕ್ರಮವನ್ನು ಕಲಿಸಿಕೊಡಲು ನಾನು ಸಿದ್ಧನಿದ್ದೇನೆ. ತಮ್ಮ ಊರಿನ ಹಳ್ಳದ ಹೆಸರು, ಮೇಲ್ಭಾಗದ ಬೆಳೆ, ಗೊಬ್ಬರ ಹಾಕಿದ ತಿಂಗಳು ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳಿಸುವವರು ಮೇ ತಿಂಗಳ ಒಳಗಾಗಿ ಕಳಿಸಬೇಕು. ಮೊದಲ ಮಳೆ ಬಿದ್ದ ಮೇಲೆ ಬಂದರೆ ಆ ಹಳ್ಳ ಮುಂದಿನ ವರ್ಷಕ್ಕೇ.